ಬಸ್ರಾ ತಾತನ ಹೆಸರು

ಚೆನ್ನೈಯ ನಂದಂಬಾಕ್ಕಂನಲ್ಲಿ, ಮೌಂಟ್–ಪೂನಮಲ್ಲಿ ರಸ್ತೆಯ ಬದಿಗೆ, ಮದರಾಸ್ ಯುದ್ಧ ಸ್ಮಶಾನವಿದೆ. ಬಸ್ಸಿನಲ್ಲಿ ಹಾದುಹೋಗುವವರಿಗೆ ಅದು ಒಪ್ಪವಾಗಿ ಹುಲ್ಲು ಕತ್ತರಿಸಿದ ತೋಟದಂತೆ ಕಾಣುತ್ತದೆ. ಕಳೆದ ಧನುರ್ಮಾಸದ ಒಂದು ಭಾನುವಾರ ನಮ್ಮ ಬಳಗದ ಆರೇಳು ಮಂದಿ ಅಲ್ಲಿಗೆ ಹೋಗಿದ್ದೆವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಡಿದ 850ಕ್ಕೂ ಹೆಚ್ಚು ಸೈನಿಕರು ಅಲ್ಲಿ ಮಲಗಿದ್ದಾರೆ. ದಕ್ಷಿಣ ಮತ್ತು ಪೂರ್ವ ಭಾರತದ ಊರೂರುಗಳಲ್ಲಿ ಚದುರಿದ್ದ ಗೋರಿಗಳನ್ನು ಯುದ್ಧದ ತರುವಾಯ ಇಲ್ಲಿ ಒಟ್ಟುಗೂಡಿಸಲಾಯಿತು. ಕಲ್ಲಿನ ಮೇಲೆ ಹೆಸರು, ಪಡೆಯ ಲಾಂಛನ, ಸತ್ತ ದಿನ. ಹಲವೆಡೆ ವಯಸ್ಸು, ಮನೆಯವರು ಆರಿಸಿ ಕೆತ್ತಿಸಿದ ಒಂದು ಸಾಲು. ಹಿಂಭಾಗದಲ್ಲಿ ಮೊದಲ ಮಹಾಯುದ್ಧದ ಸ್ಮಾರಕ. ಗೋರಿಗಳನ್ನು ಕಾಪಾಡಲಾಗದೆ ಹೋದ ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳು ಅದರಲ್ಲಿವೆ.

ಅವನ್ನು ಓದುತ್ತ ನಿಂತಿದ್ದಾಗ, ಬಳ್ಳಾರಿ ಕಡೆಯ ನಮ್ಮ ಹಿರಿಯರೊಬ್ಬರು, ತಮ್ಮ ಮನೆಯಲ್ಲಿಯೂ ಹೀಗೆ ಹೋದವನೊಬ್ಬನಿದ್ದನೆಂದರು. ಅವರ ಅಜ್ಜನ ತಮ್ಮ. ಮೊದಲ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋದವನು ಮರಳಲಿಲ್ಲ. ಮನೆಯವರ ಬಾಯಲ್ಲಿ ಅವನು ‘ಬಸ್ರಾ ತಾತ’. ನಿಜವಾದ ಹೆಸರೇನೆಂದು ಕೇಳಿದೆವು. ಅವರಿಗೆ ತಿಳಿದಿರಲಿಲ್ಲ.

ಈ ಮರೆವಿಗೆ ಆ ಮನೆಯವರನ್ನಷ್ಟೇ ಹೊಣೆ ಮಾಡಲಾಗದು. ಸತ್ತ ಸೈನಿಕನನ್ನು ಒಂದೊಂದು ರಾಜ್ಯ ಒಂದೊಂದು ಬಗೆಯಲ್ಲಿ ನೆನೆಯಿತು. 1943ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ಆಡಳಿತಕ್ಕೆ ಒಳಪಟ್ಟಿತ್ತು. ಭಾರತದ ನೆಲದಲ್ಲಿ ಅಮೆರಿಕನ್ನರೂ ಸತ್ತರು. ಆದರೆ ಯುದ್ಧ ಮುಗಿದ ಮೇಲೆ ಅವರ ಸರಕಾರ ದೇಹಾವಶೇಷಗಳನ್ನು ತೆಗೆಸಿ, ಮನೆಯವರ ಅಪೇಕ್ಷೆ ಕೇಳಿ, ತವರಿಗೋ ಹವಾಯಿಯ ರಾಷ್ಟ್ರೀಯ ಸ್ಮಶಾನಕ್ಕೋ ಸಾಗಿಸಿತು. ಬ್ರಿಟಿಷರ ಕ್ರಮ ಬೇರೆ. 1917ರಲ್ಲಿ ಸ್ಥಾಪಿತವಾದ ಅವರ ಯುದ್ಧಸಮಾಧಿ ಆಯೋಗ ಯಾರ ದೇಹವನ್ನೂ ಮನೆಗೆ ಒಯ್ಯಲಿಲ್ಲ. ಬದಲಾಗಿ, ಪದವಿ, ಜನಾಂಗ, ಮತಗಳ ಭೇದವಿಲ್ಲದೆ ಎಲ್ಲರನ್ನೂ ಸಮಾನವಾಗಿ ಸ್ಮರಿಸುವುದಾಗಿ ಮಾತು ಕೊಟ್ಟಿತು.

ಆ ಮಾತು ಬಸ್ರಾದಲ್ಲಿ ಉಳಿಯಲಿಲ್ಲ. ಮೆಸೊಪೊಟೇಮಿಯಾದ ರಣರಂಗದಲ್ಲಿ ಮಡಿದು ಗೋರಿಯಿಲ್ಲದೆ ಹೋದ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗಾಗಿ 1929ರಲ್ಲಿ ಅಲ್ಲಿ ಸ್ಮಾರಕವೊಂದನ್ನು ಅನಾವರಣಗೊಳಿಸಿದರು. ಅದರಲ್ಲಿ ಬ್ರಿಟಿಷ್ ಸೈನಿಕನ ಹೆಸರಿದೆ, ಭಾರತೀಯ ಅಧಿಕಾರಿಯ ಹೆಸರಿದೆ. ಭಾರತದ ಸಾಮಾನ್ಯ ಸಿಪಾಯಿಗೆ ಮಾತ್ರ ಹೆಸರಿಲ್ಲ; ಇಂಥ ಪಡೆಯವರು ಇಷ್ಟು ಮಂದಿ ಎಂಬ ಅಂಕಿ ಮಾತ್ರ. 2021ರಲ್ಲಿ ಆಯೋಗವೇ ತನಿಖೆ ನಡೆಸಿ, ಮೊದಲ ಮಹಾಯುದ್ಧದಲ್ಲಿ ಮಡಿದ ಭಾರತ, ಆಫ್ರಿಕಾ ಮೊದಲಾದ ಕಡೆಗಳ 45,000ದಿಂದ 54,000 ಮಂದಿ ಸಮಾನ ಗೌರವ ಪಡೆಯಲಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಹೆಸರೇ ಇಲ್ಲದೆ ಹೋದವರು ಇನ್ನೂ ಲಕ್ಷಕ್ಕೂ ಮೇಲ್ಪಟ್ಟಿರಬಹುದೆಂದು ಅದೇ ವರದಿ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿಯೂ ಇದೇ ಕಥೆ. ಈ ಊರಿನಿಂದ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ತೆತ್ತರು ಎಂದು ಸಾರುವ ಫಲಕಗಳನ್ನು ಸರಕಾರ ದೇಶದ ಎಷ್ಟೋ ಊರುಗಳಲ್ಲಿ ನೆಡಿಸಿತು. ಎಷ್ಟು ಮಂದಿಯೆಂದು ಅವು ಹೇಳುತ್ತವೆ, ಯಾರೆಂದು ಹೇಳುವುದಿಲ್ಲ.

ಇದನ್ನು ಕಂಡಾಗ ನಮಗೆ ನೆನಪಾಗುವುದು ಆತಕೂರಿನ ಶಾಸನ. ಅದರ ಕಥೆ ನಡೆದದ್ದು ಚೆನ್ನೈಗೆ ದೂರವಲ್ಲದ, ಅರಕ್ಕೋಣದ ಸಮೀಪದ ತಕ್ಕೋಲದಲ್ಲಿ. ಕ್ರಿ.ಶ. 949ರ ಸುಮಾರಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಅಲ್ಲಿ ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಒಡೆಯ ವರ ಕೇಳೆಂದಾಗ ಅವನು ಬೇಡಿದ್ದು ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಕಾಳಿಯೂ ಒಂದು ಕಾಡುಹಂದಿಯೂ ಹೋರಾಡಿ ಒಟ್ಟಿಗೆ ಸತ್ತಾಗ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಇಂದು ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಹಳೆಯ ಅರಸರು ನಮ್ಮ ಕಾಲದವರಿಗಿಂತ ಕರುಣಾಳುಗಳಾಗಿದ್ದರೆಂದು ನಾವು ಹೇಳುತ್ತಿಲ್ಲ. ಅವರ ಕಾಲದಲ್ಲಿಯೂ ಕಲ್ಲಿಲ್ಲದೆ ಸತ್ತವರೇ ಹೆಚ್ಚು. ಆದರೂ ಸತ್ತವನ ಹೆಸರನ್ನು ಕಲ್ಲಿನಲ್ಲಿ ಉಳಿಸಬೇಕೆಂಬ ತಿಳಿವು ಆ ಕಲ್ಲುಕುಟಿಗರಲ್ಲಿ ಹಲವರಿಗಿತ್ತು. ಒಂದು ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿದ ನಾಡಿನಿಂದ ಹೋದ ಸಿಪಾಯಿ ಬಸ್ರಾದಲ್ಲಿ ಅಂಕಿಯಾದನು.

ಇದು ನಮ್ಮದಲ್ಲದ ಯುದ್ಧ, ಕೂಲಿಗಾಗಿ ಹೋದವರು, ಅವರನ್ನು ನಾವೇಕೆ ನೆನೆಯಬೇಕು ಎಂದು ಬಳಗದ ತರುಣರೊಬ್ಬರು ಅಂದೇ ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ನಗರವನ್ನು ಗೆದ್ದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ; ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಗೆಲುವು ನಮ್ಮದಾದರೆ, ಗೆಲುವಿಲ್ಲದೆ ಕಾಯಿಲೆಯಿಂದಲೋ ಬಾಯಾರಿಕೆಯಿಂದಲೋ ಸತ್ತವನೂ ನಮ್ಮವನೇ. ನೆನೆಯುವುದು ಸಾಮ್ರಾಜ್ಯವನ್ನು ಹೊಗಳಲಿಕ್ಕಲ್ಲ. ಅದು ಅಂಕಿಯಾಗಿಸಿದವನನ್ನು ಮತ್ತೆ ಮನುಷ್ಯನಾಗಿಸಲಿಕ್ಕೆ.

ಚೆನ್ನೈಯಲ್ಲಿರುವ ಕನ್ನಡಿಗರಿಗೆ ಇದು ಇನ್ನೂ ಹತ್ತಿರದ ಸಂಗತಿ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕಾಸರಗೋಡು 1956ರವರೆಗೆ ಈ ನಗರದ ಆಡಳಿತಕ್ಕೆ ಸೇರಿದ್ದವು. ಐಲ್ಯಾಂಡ್ ಗ್ರೌಂಡ್ಸ್ ಬಳಿಯ ವಿಜಯ ಯುದ್ಧ ಸ್ಮಾರಕವು ಮದರಾಸು ಪ್ರಾಂತ್ಯದ ಯೋಧರನ್ನು ಸ್ಮರಿಸುವಾಗ, ಆ ಪ್ರಾಂತ್ಯದಲ್ಲಿ ನಮ್ಮ ಅಜ್ಜಂದಿರ ಊರುಗಳೂ ಇದ್ದವು.

ಮರಳುವಾಗ ನಮ್ಮ ಹಿರಿಯರು ಇನ್ನೊಂದು ಮಾತು ಹೇಳಿದರು. ತಾತನ ಪಾಲಿಗೆ ಬಂದಿದ್ದ ಬೆಳ್ಳಿಯ ಪದಕವೊಂದು ಮನೆಯಲ್ಲಿತ್ತು. ಬರಗಾಲವೊಂದರಲ್ಲಿ ಅದನ್ನು ಅಕ್ಕಸಾಲಿಗನಿಗೆ ಮಾರಿದರಂತೆ. ಮೊದಲ ಮಹಾಯುದ್ಧದ ಆ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ಪಡೆ ಇವನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಿದ್ದರು. ಕಲ್ಲು ಹೇಳದ ಹೆಸರನ್ನು ಆ ಅಂಚು ಹೇಳುತ್ತಿತ್ತು. ಅದನ್ನು ಓದಬಲ್ಲವರು ಮನೆಯಲ್ಲಿ ಹುಟ್ಟುವ ಮೊದಲೇ ಬೆಳ್ಳಿ ಕರಗಿತು.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಂಥ ಪದಕವೋ, ಪಿಂಚಣಿಯ ಕಾಗದವೋ ಇದ್ದರೆ ದಯವಿಟ್ಟು ಹೊರತೆಗೆಯಿರಿ. ಅಂಚನ್ನು ಬೆಳಕಿಗೆ ಹಿಡಿಯಿರಿ. ಅಲ್ಲಿರುವ ಹೆಸರನ್ನು ಕನ್ನಡದಲ್ಲಿ ಒಮ್ಮೆ ಬರೆದಿಡಿ.