ಎರಡು ತಲೆಯ ಹಕ್ಕಿ ಯಾರದು?

ಹಳೆಯ ಸೈನಿಕ ಬ್ಯಾಡ್ಜ್ ಮತ್ತು ಪದಕಗಳನ್ನು ಗುರುತಿಸುವುದು ನನ್ನ ಹವ್ಯಾಸ. ಇಲ್ಲಿ ಬ್ರಿಟನ್ನಿನ ಕಾರ್ ಬೂಟ್ ಸೇಲ್‌ಗಳಲ್ಲಿ ಇವು ಹಳೆಯ ಗುಂಡಿ, ಬೀಗದ ಕೈಗಳ ಡಬ್ಬಿಯಲ್ಲಿ ಬಿದ್ದಿರುತ್ತವೆ. ನಮ್ಮಮ್ಮನ ಪ್ರಕಾರ ಇದೆಲ್ಲ ಗುಜರಿ. ಇರಲಿ, ಈ ಗುಜರಿಯಲ್ಲಿ ಓದುವುದು ಬಹಳ ಇದೆ.

ಮೊದಲು ನೋಡಬೇಕಾದದ್ದು ಕಿರೀಟ. 1901ರ ನಂತರ ಸುಮಾರು ಐವತ್ತು ವರ್ಷಗಳ ಬ್ಯಾಡ್ಜ್‌ಗಳಲ್ಲಿ ಕಿರೀಟದ ಮೇಲ್ಭಾಗ ಗುಮ್ಮಟದಂತೆ ದುಂಡಗಿರುತ್ತದೆ. ಎರಡನೇ ಎಲಿಜಬೆತ್ ರಾಣಿಯ ಕಾಲದ ಕಿರೀಟ ನಡುವೆ ತಗ್ಗಾಗಿರುತ್ತದೆ. ಅಂಥ ಕಿರೀಟವಿರುವ ಬ್ಯಾಡ್ಜ್ ತೋರಿಸಿ ಯಾರಾದರೂ ‘ಮೊದಲ ಮಹಾಯುದ್ಧದ್ದು’ ಎಂದರೆ ನಂಬಬೇಡಿ.

ಎರಡು ತಲೆಯ ಹಕ್ಕಿ ಕಂಡರೆ ನಮಗೆಲ್ಲ ಗಂಡಭೇರುಂಡ ನೆನಪಾಗುತ್ತದೆ. ಆದರೆ ಇಲ್ಲಿ ಸಿಗುವ ಹಕ್ಕಿ ಕಿಂಗ್ಸ್ ಡ್ರಗೂನ್ ಗಾರ್ಡ್ಸ್ ಎಂಬ ಬ್ರಿಟಿಷ್ ರೆಜಿಮೆಂಟಿನದಾಗಿರಬಹುದು. 1896ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಅದರ ಗೌರವ ಮುಖ್ಯಸ್ಥನಾದ. ಅವನ ವಂಶದ ಹದ್ದು ಸೈನಿಕರ ಟೋಪಿ ಏರಿತು. 1914ರಲ್ಲಿ ಅದೇ ಆಸ್ಟ್ರಿಯಾ ಶತ್ರು ದೇಶವಾಯಿತು! ಶತ್ರುವಿನ ಲಾಂಛನ ಧರಿಸಿ ಯುದ್ಧ ಮಾಡುವುದು ಹೇಗೆ? ಹದ್ದನ್ನು ತೆಗೆದು ನಕ್ಷತ್ರದ ಬ್ಯಾಡ್ಜ್ ಕೊಟ್ಟರು. ಹದ್ದು ಮರಳಿದ್ದು 1937ರಲ್ಲಿ. ಅದರ ಒಂದು ಕಾಲಲ್ಲಿ ಕತ್ತಿ, ಇನ್ನೊಂದರಲ್ಲಿ ಶಿಲುಬೆಯಿರುವ ಗೋಳ ಇರುತ್ತದೆ. ಮೈಸೂರಿನ ಗಂಡಭೇರುಂಡದ ಕಾಲಲ್ಲಿ ಇವೆರಡೂ ಇಲ್ಲ.

ನಮ್ಮ ಗಂಡಭೇರುಂಡವೂ ಆ ಯುದ್ಧಕ್ಕೆ ಹೋಗಿತ್ತು. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹೊರಟಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದಲ್ಲಿ ತುರ್ಕಿ ಸೇನೆಯ ಎದುರು ಜೋಧಪುರದವರು ನೇರವಾಗಿ ನುಗ್ಗಿದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಭರ್ಜಿ ಮತ್ತು ಕತ್ತಿ. ಅಂದು ಸತ್ತ ಸೈನಿಕರು 8, ಕುದುರೆಗಳು 60. ಕುದುರೆಗಳ ಲೆಕ್ಕ ಓದಿದಾಗ ನನಗೆ ಆ ಬೆಟ್ಟ ಎಂಥದ್ದೆಂದು ಅರ್ಥವಾಯಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರ್‌ಗಳದ್ದೇ.

ಪ್ರತಿಮೆಯ ಮೇಲೆ ಸಾಮಾನ್ಯ ಸವಾರನ ಹೆಸರು ಇರುವುದಿಲ್ಲ. ಪದಕದ ಮೇಲೆ ಇರುತ್ತದೆ. ಆ ಯುದ್ಧದ ಬ್ರಿಟಿಷ್ ವಾರ್ ಮೆಡಲ್ 36 ಮಿಲಿಮೀಟರ್ ಅಗಲದ್ದು. ಒಂದು ಬದಿ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿ ಕುದುರೆ ಸವಾರ, 1914 ಮತ್ತು 1918. ಮುಖ್ಯವಾದದ್ದು ಮಾತ್ರ ಅಂಚಿನಲ್ಲಿದೆ: ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ. ಲಕ್ಷಾಂತರ ಪದಕಗಳು ಹೀಗೆ ಒಬ್ಬೊಬ್ಬರ ಹೆಸರಲ್ಲೇ ಬಂದವು. ಹೋರಾಡಿದವರಿಗೆ ಬೆಳ್ಳಿಯದು, ಮೂಟೆ ಹೊತ್ತು, ರಸ್ತೆ ಹಾಕಿದ ಭಾರತೀಯ ಕೂಲಿ ಪಡೆಗಳವರಿಗೆ ಕಂಚಿನದು. ಇದು ನ್ಯಾಯ ಎಂದು ನನಗನ್ನಿಸುವುದಿಲ್ಲ. ಆದರೆ ಬೆಳ್ಳಿಗೆ ಬೇರೊಂದು ಅಪಾಯ ಕಾದಿತ್ತು. ಬೆಲೆ ಏರಿದಾಗ ಎಷ್ಟೋ ಪದಕಗಳನ್ನು ಹೆಸರಿನ ಸಮೇತ ಕರಗಿಸಿಬಿಟ್ಟರು.

ಆದ್ದರಿಂದ ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಊರಿಗೆ ಹೋದಾಗ ಅಟ್ಟದ ಟ್ರಂಕಿನಲ್ಲಿ ಇಂಥದ್ದೇನಾದರೂ ಸಿಕ್ಕರೆ ದೇವರ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಂಚಿನ ಅಕ್ಷರ ಸವೆಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಹೆಸರು ಇಂಗ್ಲಿಷಿನಲ್ಲಿರುತ್ತದೆ, ಸ್ಪೆಲಿಂಗ್ ವಿಚಿತ್ರವಾಗಿರಬಹುದು. ಗಟ್ಟಿಯಾಗಿ ಓದಿ ಅಜ್ಜಿ ತಾತನಿಗೆ ಕೇಳಿಸಿ. ಅದು ಯಾರೆಂದು ಅವರಿಗೆ ಗೊತ್ತಿರಬಹುದು.