ಮನುಷ್ಯನ ಜಾಡು ಹಿಡಿದ ಬೇಟೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಚಳಿಗಾಲದುದ್ದಕ್ಕೂ ಒಂದು ಬೇಟೆ ನಡೆಯುತ್ತದೆ. ಅದರಲ್ಲಿ ಯಾವ ಪ್ರಾಣಿಯೂ ಸಾಯುವುದಿಲ್ಲ. ಮುಂದೆ ಓಡುವವನು ಮನುಷ್ಯ, ಅದೂ ತಾನಾಗಿ ಒಪ್ಪಿ ಬಂದವನು. ಅವನ ಹಿಂದೆ ಬ್ಲಡ್‌ಹೌಂಡ್ ನಾಯಿಗಳ ಹಿಂಡು, ಹಿಂಡಿನ ಹಿಂದೆ ಕುದುರೆ ಸವಾರರು. ಓಡುವವನ ಬೂಟಿಗೆ ಯಾವ ಎಣ್ಣೆಯನ್ನೂ ಪ್ರಾಣಿಯ ವಾಸನೆಯನ್ನೂ ಸವರಿರುವುದಿಲ್ಲ. ಹಾಗಾಗಿಯೇ ಇದು ‘ಕ್ಲೀನ್ ಬೂಟ್’ ಬೇಟೆ. ನಾಯಿಗೆ ಸಿಗುವುದು ಅವನ ಮೈವಾಸನೆಯೊಂದೇ.

ಈ ವಿದ್ಯೆ ಹುಟ್ಟಿದ್ದು ಆಟವಾಗಿ ಅಲ್ಲ. ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯಲ್ಲಿ ದನಗಳ್ಳರನ್ನು ಹಿಡಿಯಲು ಜಾಡಿನ ನಾಯಿಗಳನ್ನು ಸಾಕುತ್ತಿದ್ದರು. ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ ಹಳ್ಳದ ನೀರಿನಲ್ಲೇ ನಡೆದು ಇಂಥ ನಾಯಿಯಿಂದ ತಪ್ಪಿಸಿಕೊಂಡ ಕಥೆಯನ್ನು 14ನೇ ಶತಮಾನದ ಕವಿ ಜಾನ್ ಬಾರ್ಬರ್ ಹೇಳಿದ್ದಾನೆ. 17ನೇ ಶತಮಾನದಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ದಾಖಲಿಸಿದ ಪ್ರಸಂಗ ಇನ್ನೂ ಸ್ವಾರಸ್ಯಕರ. ಒಬ್ಬ ಗಣ್ಯರು ತಮ್ಮ ಆಳನ್ನು ಮೈಲಿಗಟ್ಟಲೆ ದೂರದ ಸಂತೆಯ ಊರಿಗೆ ಕಳಿಸಿ, ಆಮೇಲೆ ಎಳೆಯ ಬ್ಲಡ್‌ಹೌಂಡನ್ನು ಬಿಟ್ಟರು. ಸಂತೆಗೆ ಹೊರಟ ಜನರ ನಡುವೆಯೂ ಅದು ದಾರಿ ತಪ್ಪದೆ ಅವನಿದ್ದ ಮನೆಗೇ ಹೋಗಿ ನಿಂತಿತಂತೆ. ಅಪರಾಧವಿಲ್ಲದ ಮನುಷ್ಯನನ್ನು ಪರೀಕ್ಷೆಗೆಂದೇ ಹಿಂಬಾಲಿಸಿದ ಈ ಪ್ರಸಂಗವನ್ನು ನಾನು ಇಂದಿನ ಆಟದ ಮೊದಲ ಕುರುಹು ಎಂದೇ ಎಣಿಸುತ್ತೇನೆ.

1888ರಲ್ಲಿ ‘ಜ್ಯಾಕ್ ದಿ ರಿಪ್ಪರ್’ ಕೊಲೆಗಳು ಲಂಡನ್ನನ್ನು ನಡುಗಿಸಿದಾಗ ಪೊಲೀಸರು ಸ್ಕಾರ್ಬರೋದ ತಳಿಗಾರ ಎಡ್ವಿನ್ ಬ್ರೋ ಅವರ ಬಾರ್ನಬಿ ಮತ್ತು ಬರ್ಗೊ ಎಂಬ ನಾಯಿಗಳನ್ನು ಕರೆಸಿದರು. ನಗರದ ಉದ್ಯಾನಗಳಲ್ಲಿ ನಡೆದ ಪರೀಕ್ಷೆಯಲ್ಲಿ ಪೊಲೀಸ್ ಕಮಿಷನರ್ ಚಾರ್ಲ್ಸ್ ವಾರನ್ ಅವರೇ ಬೇಟೆಯಾಗಿ ಓಡಿದರು. ಆದರೆ ನವೆಂಬರಿನಲ್ಲಿ ಮತ್ತೊಂದು ಕೊಲೆಯಾದಾಗ, ನಾಯಿಗಳು ಬರುತ್ತವೆಂದು ಪೊಲೀಸರು ಕೊಲೆ ನಡೆದ ಕೋಣೆಯ ಬಾಗಿಲು ಒಡೆಯದೆ ಕಾದದ್ದೇ ಬಂತು. ಅವು ಬರಲೇ ಇಲ್ಲ.

ನಿಜವಾದ ತಿರುವು ಅದರ ನಂತರದ್ದು. 1897ರಲ್ಲಿ ಬ್ಲಡ್‌ಹೌಂಡ್ ತಳಿಗಾರರ ಸಂಘ ಹುಟ್ಟಿತು, ಮರುವರ್ಷವೇ ಜಾಡಿನ ಸ್ಪರ್ಧೆ ಶುರುವಾಯಿತು. ಇಲ್ಲಿ ಕುದುರೆಯ ಓಟಕ್ಕಿಂತ ಮೂಗೇ ಮುಖ್ಯ. ಮೇಲಿನ ಹಂತಗಳಲ್ಲಿ ಓಟಗಾರ ನಡೆದುಹೋಗಿ ಗಂಟೆಗಳು ಕಳೆದ ಮೇಲೆ ನಾಯಿಯನ್ನು ಬಿಡುತ್ತಾರೆ. ಮೈಲಿಗಳನ್ನು ದಾಟಿ, ಕೊನೆಗೆ ಅದು ಆತನನ್ನೇ ಗುರುತಿಸಬೇಕು. ನಮ್ಮ ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಕಂಡದ್ದನ್ನು ಬೆನ್ನಟ್ಟುವುದು ಅದರ ಬಲ. ಕಾಣದವನನ್ನು ಹುಡುಕುವುದು ಬ್ಲಡ್‌ಹೌಂಡಿನ ಬಲ. ಮೈಯಿಂದ ಸದಾ ಉದುರುವ ಚರ್ಮದ ಕಣಗಳು, ಬೆವರು, ತುಳಿದ ಹುಲ್ಲು ಎಲ್ಲ ಸೇರಿ ಜಾಡಾಗುತ್ತದೆ. ತೇವದ ನೆಲ ಅದನ್ನು ಕಾಪಾಡುತ್ತದೆ. ಬಿಸಿಲು, ಒಣಗಾಳಿ ಕೆಡಿಸುತ್ತವೆ. 1933ರಲ್ಲಿ ಎಚ್. ಎಂ. ಬಜೆಟ್ ವಾಸನೆಯ ಬೇಟೆಯ ಬಗ್ಗೆಯೇ ಒಂದು ಪುಸ್ತಕ ಬರೆದರು. 1955ರಲ್ಲಿ ಎಚ್. ಕಾಲ್ಮಸ್ ಪ್ರಕಟಿಸಿದ ಪ್ರಯೋಗಗಳಲ್ಲಿ ಅವಳಿಗಳ ವಾಸನೆಯೇ ನಾಯಿಗಳಿಗೆ ಸವಾಲಾಗಿತ್ತು.

ಕುದುರೆಯ ಮೇಲಿನ ಬೇಟೆಯ ಹಾದಿ ಬೇರೆ. 19ನೇ ಶತಮಾನದಲ್ಲಿ ಲಾರ್ಡ್ ವುಲ್ವರ್ಟನ್ ಡಾರ್ಸೆಟ್ಟಿನಲ್ಲಿ ಬ್ಲಡ್‌ಹೌಂಡ್ ಹಿಂಡು ಕಟ್ಟಿ ಜಿಂಕೆಯನ್ನು ಬೆನ್ನಟ್ಟಿದ್ದರು. ಮನುಷ್ಯನನ್ನು ಹಿಂಬಾಲಿಸುವ ಹಿಂಡುಗಳು ಬೆಳೆದದ್ದು ಬಹುಮಟ್ಟಿಗೆ 20ನೇ ಶತಮಾನದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ತಳಿ ಕ್ಷೀಣಿಸಿತ್ತು; ಫಾಕ್ಸ್‌ಹೌಂಡಿನ ರಕ್ತ ಬೆರೆಸಿ ಅದನ್ನು ಚೇತರಿಸಿಕೊಳ್ಳುವಂತೆ ಮಾಡಿದರು. ಇಂದಿನ ಸವಾರಿ ಹಿಂಡುಗಳಲ್ಲೂ ಈ ಬೆರಕೆ ಸಾಮಾನ್ಯ. ಅದರಿಂದ ವೇಗ ಬಂತು, ಗಟ್ಟಿಯಾದ ಕಾಲು ಬಂತು. ಆದರೆ ಒಂಟಿಯಾಗಿ, ತಲೆ ತಗ್ಗಿಸಿ, ಆರಿದ ಜಾಡನ್ನು ಬಿಡಿಸುತ್ತ ಹೋಗುವ ಶುದ್ಧ ತಳಿಯ ತಾಳ್ಮೆಯೇ ಈ ವಿದ್ಯೆಯ ತಿರುಳು ಎಂದು ನನ್ನ ನಂಬಿಕೆ. ಸವಾರರ ಆತುರಕ್ಕೆ ಆ ತಾಳ್ಮೆ ಹೊಂದುವುದಿಲ್ಲ.

ಬೇಟೆಯ ದಿನ ಒಂದೇ ಉದ್ದ ಓಟವಲ್ಲ. ರೈತರ ಒಪ್ಪಿಗೆ ಪಡೆದ ಹೊಲಗಳ ಮೇಲೆ ಮೊದಲೇ ಹಾದಿ ಗೊತ್ತುಮಾಡಿ, ಕೆಲವು ಮೈಲಿಗಳ ತುಂಡುಗಳಾಗಿ ಒಡೆದಿರುತ್ತಾರೆ. ಓಟಗಾರ ಮುಂದಾಗಿ ಹೊರಡುತ್ತಾನೆ. ಬೇಲಿ ಹಾರಿ, ಹಳ್ಳ ದಾಟಿ, ಬೇಕೆಂದೇ ತಿರುವು ತೆಗೆದುಕೊಳ್ಳುತ್ತಾನೆ. ಜಾಡು ತಪ್ಪಿದಾಗ ನಾಯಿಗಳು ಸುತ್ತು ಹಾಕುತ್ತವೆ, ಮೌನವಾಗುತ್ತವೆ. ಒಂದಕ್ಕೆ ಮತ್ತೆ ಸಿಕ್ಕಿತೆಂದರೆ ಗಂಭೀರವಾದ ದನಿ ತೆಗೆಯುತ್ತದೆ, ಉಳಿದವು ಅದರ ದನಿಗೆ ಓಗೊಟ್ಟು ಸೇರಿಕೊಳ್ಳುತ್ತವೆ. ಓಟಗಾರ ಸಿಕ್ಕಾಗ ಅವನಿಗಾಗುವುದು ನೆಕ್ಕಿಸಿಕೊಳ್ಳುವ ಶಿಕ್ಷೆ, ನಾಯಿಗಳಿಗೆ ತಿನಿಸಿನ ಬಹುಮಾನ.

2004ರ ಬೇಟೆ ಕಾಯ್ದೆ 2005ರ ಫೆಬ್ರವರಿ 18ರಂದು ಜಾರಿಗೆ ಬಂದು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಯಿಗಳಿಂದ ನರಿಬೇಟೆಯಾಡುವುದನ್ನು ನಿಷೇಧಿಸಿತು. ಮನುಷ್ಯನ ಜಾಡಿನ ಬೇಟೆಗೆ ಅದು ಅಡ್ಡಬರಲಿಲ್ಲ. ನರಿಬೇಟೆಯ ಸಂಘಗಳು ಪ್ರಾಣಿಯ ವಾಸನೆ ಎಳೆದು ಆಡುವ ‘ಟ್ರೇಲ್’ ಬೇಟೆಗೆ ಹೊರಳಿದವು. ಅದರ ಮರೆಯಲ್ಲಿ ನಿಜವಾದ ನರಿಯೇ ಬಲಿಯಾಗುತ್ತಿದೆ ಎಂಬ ಆರೋಪಕ್ಕೆ ಗುರಿಯಾದವು. 2024ರ ಚುನಾವಣಾ ಪ್ರಣಾಳಿಕೆಯಲ್ಲಿ ಲೇಬರ್ ಪಕ್ಷ ಅದನ್ನೂ ನಿಷೇಧಿಸುವ ಮಾತು ಕೊಟ್ಟಿತು. ಕ್ಲೀನ್ ಬೂಟ್ ಹಿಂಡಿಗೆ ಕಲಿಸುವುದು ಮನುಷ್ಯನ ವಾಸನೆಯನ್ನು; ಅಡ್ಡ ಬಂದ ಜಿಂಕೆಯನ್ನೂ ಮೊಲವನ್ನೂ ಕಡೆಗಣಿಸುವುದು ಅದರ ಶಿಸ್ತು. ಇದನ್ನು ಆಡುವವರಿಗೆ ಇಂದು ಕಾನೂನಿಗಿಂತ ದೊಡ್ಡ ತೊಡಕು ನೆಲದ್ದು: ಹೆದ್ದಾರಿ, ರೈಲುಹಳಿ, ಹೊಸ ಬಡಾವಣೆಗಳ ನಡುವೆ ನಾಯಿ ನಿರಾತಂಕವಾಗಿ ಓಡಬಲ್ಲ ಬಯಲು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ.