ಒಂದೇ ಮುಖದ ಎರಡು ರೋಗಗಳು: ಗಾಡಿಕುದುರೆಯ ಶಿಲೀಂಧ್ರ ಸೋಂಕನ್ನು ಪತ್ತೆಹಚ್ಚಿದ ಬಗೆ

ಗಾಡಿ ಎಳೆಯುವ ಒಂದು ಕುದುರೆಯನ್ನು ಊಹಿಸಿಕೊಳ್ಳಿ. ಅದರ ಮುಂಗಾಲಿನ ಒಳಬದಿಯಲ್ಲಿ ಗೋಲಿಯಷ್ಟು ದಪ್ಪದ ಗಂಟುಗಳು ಸಾಲಾಗಿ ಎದ್ದಿವೆ. ಗಂಟಿನಿಂದ ಗಂಟಿಗೆ ಚರ್ಮದಡಿಯಲ್ಲಿ ಹಗ್ಗ ಹಾಯಿಸಿದಂತೆ ದುಗ್ಧನಾಳಗಳು ಉಬ್ಬಿವೆ. ಕೆಲವು ಗಂಟುಗಳು ಒಡೆದು ಗಟ್ಟಿಯಾದ ಹಳದಿ ಕೀವು ಸೋರುತ್ತಿದೆ. ಈ ಕುದುರೆಗೆ ಬಂದಿರುವ ರೋಗ ಯಾವುದು?

ಪ್ರಶ್ನೆ ಸರಳವಾಗಿ ಕಂಡರೂ ಉತ್ತರದ ಮೇಲೆ ಕುದುರೆಯ ಜೀವ ಮತ್ತು ಅದರ ಒಡೆಯನ ಅನ್ನ ಎರಡೂ ನಿಂತಿವೆ. ಇದೇ ಲಕ್ಷಣಗಳನ್ನು ತೋರುವ ಎರಡು ರೋಗಗಳಿವೆ. ಮೊದಲನೆಯದು ಗ್ಲ್ಯಾಂಡರ್ಸ್. ಇದು ಚರ್ಮದಲ್ಲಿ ಕಾಣಿಸಿಕೊಂಡಾಗ ಹಿಂದಿನವರು ಅದನ್ನು ಫಾರ್ಸಿ ಎಂದು ಕರೆಯುತ್ತಿದ್ದರು. ಇದು ಬ್ಯಾಕ್ಟೀರಿಯದಿಂದ ಬರುವ ರೋಗ. ಮನುಷ್ಯರಿಗೂ ಹರಡಿ ಕೊಲ್ಲಬಲ್ಲದು. ಎರಡನೆಯದು ಸಾಂಕ್ರಾಮಿಕ ದುಗ್ಧನಾಳ ಉರಿಯೂತ. ಇದಕ್ಕೆ ಕಾರಣ ಒಂದು ಶಿಲೀಂಧ್ರ. ಇದು ಕುದುರೆಯಿಂದ ಕುದುರೆಗೆ ಹರಡುತ್ತದೆ, ಪ್ರಾಣಿಯನ್ನು ತಿಂಗಳುಗಟ್ಟಲೆ ಕಾಡುತ್ತದೆ. ಆದರೆ ಆರಂಭದಲ್ಲೇ ಗುರುತಿಸಿದರೆ ಹಲವು ಕುದುರೆಗಳು ಚಿಕಿತ್ಸೆಗೆ ಸ್ಪಂದಿಸುತ್ತವೆ. ಇವೆರಡನ್ನೂ ಬೇರ್ಪಡಿಸಲು ವಿಜ್ಞಾನ ನಡೆಸಿದ ಪ್ರಯತ್ನದ ಇತಿಹಾಸವೇ ಈ ಲೇಖನದ ವಸ್ತು.

ಕೀವಿನಲ್ಲಿ ಕಂಡ ಕಣ

ಹತ್ತೊಂಬತ್ತನೆಯ ಶತಮಾನದ ಬಹುಭಾಗ ಪಶುವೈದ್ಯರಿಗೆ ಇಂತಹ ಗಂಟುಗಳೆಲ್ಲ ಫಾರ್ಸಿಯೇ. 1873ರಲ್ಲಿ ಇಟಲಿಯ ಪಶುವೈದ್ಯ ವಿಜ್ಞಾನಿ ಸೆಬಾಸ್ಟಿಯಾನೊ ರಿವೋಲ್ಟ ಇಂತಹ ಕುದುರೆಯ ಕೀವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಅಂಡಾಕಾರದ ಚಿಕ್ಕ ಕಣಗಳು ಕಂಡವು. ಅವುಗಳ ಹೊರ ಅಂಚು ಎರಡು ಗೆರೆ ಎಳೆದಂತೆ ಸ್ಪಷ್ಟವಾಗಿತ್ತು. ಹಿಟ್ಟು ಹುದುಗಿಸುವ ಯೀಸ್ಟನ್ನು ನೀವು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೆ ಈ ರೂಪ ನಿಮಗೆ ಪರಿಚಿತವೇ. 1883ರಲ್ಲಿ ರಿವೋಲ್ಟ ಮತ್ತು ಅವನ ಸಹೋದ್ಯೋಗಿ ಮಿಚೆಲೋನೆ ಈ ಜೀವಿಗೆ ಕ್ರಿಪ್ಟೊಕಾಕಸ್ ಫಾರ್ಸಿಮಿನೋಸಸ್ ಎಂದು ಹೆಸರಿಟ್ಟರು. ಫಾರ್ಸಿಯ ನೆನಪು ಹೆಸರಿನಲ್ಲೇ ಉಳಿದುಕೊಂಡಿತು.

ಇದೇ ಅವಧಿಯಲ್ಲಿ, 1882ರಲ್ಲಿ, ಜರ್ಮನಿಯ ಲೋಫ್ಲರ್ ಮತ್ತು ಶ್ಯುಟ್ಸ್ ಗ್ಲ್ಯಾಂಡರ್ಸ್‌ನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. ಅಂದರೆ ಹತ್ತು ವರ್ಷಗಳ ಅಂತರದಲ್ಲಿ ಎರಡು ರೋಗಗಳಿಗೂ ಎರಡು ಕಾರಣಗಳು ದೊರೆತವು. ಆದರೆ ಪ್ರಯೋಗಾಲಯದಲ್ಲಿ ತಿಳಿದದ್ದು ಲಾಯದಲ್ಲಿ ನಿಂತ ಕುದುರೆಗೆ ಉಪಯೋಗವಾಗಬೇಕಾದರೆ ಕ್ಷೇತ್ರದಲ್ಲೇ ಮಾಡಬಹುದಾದ ಪರೀಕ್ಷೆ ಬೇಕಿತ್ತು.

ಮ್ಯಾಲೀನ್ ತಂದ ತಿರುವು

1890ರ ಸುಮಾರಿಗೆ ರಷ್ಯಾ ಸಾಮ್ರಾಜ್ಯದ ಇಬ್ಬರು ಪಶುವೈದ್ಯರು, ಹೆಲ್ಮನ್ ಮತ್ತು ಕಾಲ್ನಿಂಗ್, ಗ್ಲ್ಯಾಂಡರ್ಸ್ ಬ್ಯಾಕ್ಟೀರಿಯದ ಸಾರದಿಂದ ಮ್ಯಾಲೀನ್ ಎಂಬ ದ್ರವವನ್ನು ತಯಾರಿಸಿದರು. ಸೋಂಕಿರುವ ಕುದುರೆಗೆ ಇದನ್ನು ಚುಚ್ಚಿದರೆ ಜ್ವರ ಬಂದು ಚುಚ್ಚಿದ ಜಾಗ ಊದಿಕೊಳ್ಳುತ್ತದೆ. ಸೋಂಕಿಲ್ಲದ ಕುದುರೆಯಲ್ಲಿ ಅಂತಹ ಪ್ರತಿಕ್ರಿಯೆ ಕಾಣುವುದಿಲ್ಲ. ಕ್ಷಯಕ್ಕೆ ನಡೆಸುವ ಟ್ಯುಬರ್ಕ್ಯುಲಿನ್ ಪರೀಕ್ಷೆಯ ತತ್ವವೇ ಇದು. ಈ ಶೋಧಕ್ಕೆ ತೆತ್ತ ಬೆಲೆ ಚಿಕ್ಕದಲ್ಲ. ಕಾಲ್ನಿಂಗ್ ತಾನು ಅಧ್ಯಯನ ಮಾಡುತ್ತಿದ್ದ ಅದೇ ರೋಗ ತಗುಲಿ 1891ರಲ್ಲಿ ಮರಣ ಹೊಂದಿದ.

ಮ್ಯಾಲೀನ್ ಗ್ಲ್ಯಾಂಡರ್ಸನ್ನು ಗುರುತಿಸಿತು. ಜೊತೆಗೆ ಇನ್ನೊಂದು ರೋಗವನ್ನೂ ಬೆಳಕಿಗೆ ತಂದಿತು. ಗಂಟುಗಳು ಫಾರ್ಸಿಯಂತೆಯೇ ಇವೆ, ಆದರೆ ಮ್ಯಾಲೀನ್‌ಗೆ ಪ್ರತಿಕ್ರಿಯೆ ಇಲ್ಲ. ಹಾಗಿದ್ದರೆ ಇದು ಏನು? ಆಗ ಕೀವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ನೋಡುವ ಅಗತ್ಯ ಬಿತ್ತು. ರಿವೋಲ್ಟನ ಯೀಸ್ಟ್‌ರೂಪಿ ಕಣಗಳು ಅಲ್ಲಿ ಸಿಕ್ಕವು. ಒಂದು ರೋಗಕ್ಕೆ ಒಳ್ಳೆಯ ಪರೀಕ್ಷೆ ದೊರೆತಾಗ ಅದರ ನೆರಳಿನಲ್ಲಿದ್ದ ಮತ್ತೊಂದು ರೋಗ ತಾನಾಗಿ ಬೇರ್ಪಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಭಾರತದಲ್ಲಿ 1899ರಲ್ಲಿ ಗ್ಲ್ಯಾಂಡರ್ಸ್ ಮತ್ತು ಫಾರ್ಸಿ ಕಾಯಿದೆ ಜಾರಿಗೆ ಬಂದಿತು. ರೋಗ ತಗುಲಿದ ಕುದುರೆಗಳನ್ನು ಹಿಡಿದು ಕೊಲ್ಲಲು ಅದು ಅಧಿಕಾರ ಕೊಟ್ಟಿತು. ಇಂತಹ ಕಾನೂನಿನಡಿ ತಪ್ಪು ಪತ್ತೆಯ ಪರಿಣಾಮವೇನೆಂದು ಯೋಚಿಸಿ. ಶಿಲೀಂಧ್ರ ರೋಗವನ್ನು ಗ್ಲ್ಯಾಂಡರ್ಸ್ ಎಂದು ತಿಳಿದರೆ ಗುಣವಾಗಬಹುದಾದ ಕುದುರೆ ಸಾಯುತ್ತದೆ, ಟಾಂಗಾ ಓಡಿಸುವವನ ಸಂಪಾದನೆ ನಿಲ್ಲುತ್ತದೆ. ಗ್ಲ್ಯಾಂಡರ್ಸನ್ನು ಶಿಲೀಂಧ್ರ ರೋಗವೆಂದು ತಿಳಿದರೆ ಗಾಯ ತೊಳೆಯುವ ಆ ಮನುಷ್ಯನೇ ಸಾಯಬಹುದು.

ಯುದ್ಧದ ಬೆನ್ನೇರಿದ ಶಿಲೀಂಧ್ರ

1899ರಿಂದ 1902ರವರೆಗೆ ನಡೆದ ದಕ್ಷಿಣ ಆಫ್ರಿಕದ ಯುದ್ಧಕ್ಕೆ ಬ್ರಿಟಿಷ್ ಸೇನೆ ಹಲವು ದೇಶಗಳಿಂದ ಕುದುರೆಗಳನ್ನು ತರಿಸಿತು. ಯುದ್ಧ ಮುಗಿದು ಕುದುರೆಗಳು ಬ್ರಿಟನ್ನಿಗೆ ಮರಳಿದಾಗ ಶಿಲೀಂಧ್ರವೂ ಜೊತೆಗೆ ಬಂದಿತು. ಸರ್ಕಾರ 1904ರಲ್ಲಿ ಈ ರೋಗಕ್ಕಾಗಿಯೇ ಪ್ರತ್ಯೇಕ ಆದೇಶ ಹೊರಡಿಸಿತು. ಅದೇ ವರ್ಷ ಸೇನಾ ಪಶುವೈದ್ಯ ಕ್ಯಾಪ್ಟನ್ ಪ್ಯಾಲಿನ್ ಈ ರೋಗವೊಂದರ ಮೇಲೆಯೇ ಪುಸ್ತಕ ಪ್ರಕಟಿಸಿದ. ಸೋಂಕಿತ ಪ್ರಾಣಿಗಳನ್ನು ಹುಡುಕಿ ಕೊಂದುದರಿಂದ 1906ರ ನಂತರ ಬ್ರಿಟನ್ನಿನಲ್ಲಿ ಈ ರೋಗ ಕಾಣಲಿಲ್ಲ. ನಷ್ಟ ಭರಿಸಬಲ್ಲ ಸರ್ಕಾರ, ಎಲ್ಲೆಡೆ ಪಶುವೈದ್ಯರು, ನಿಖರವಾದ ಪತ್ತೆ ಇವು ಮೂರೂ ಇರುವ ಕಡೆ ಈ ದಾರಿ ಫಲಿಸುತ್ತದೆ.

ಕುದುರೆ ಕಲಿಸಿದ ಪಾಠ

ಇನ್ನು ಮನುಷ್ಯರ ವೈದ್ಯಶಾಸ್ತ್ರಕ್ಕೆ ಬರೋಣ. 1905ರ ಕೊನೆಯಲ್ಲಿ ಪನಾಮ ಕಾಲುವೆಯ ಕಾಮಗಾರಿ ಪ್ರದೇಶದಲ್ಲಿ ಸ್ಯಾಮ್ಯುಯೆಲ್ ಡಾರ್ಲಿಂಗ್ ಎಂಬ ವೈದ್ಯ, ಸತ್ತ ಕೂಲಿಯೊಬ್ಬನ ಅಂಗಾಂಶಗಳಲ್ಲಿ ಹೊಸ ಸೂಕ್ಷ್ಮಜೀವಿಯನ್ನು ಕಂಡ. ಅದು ಕವಚವಿರುವ ಏಕಕೋಶ ಪ್ರಾಣಿ ಎಂದು ಭಾವಿಸಿ ಹಿಸ್ಟೊಪ್ಲಾಸ್ಮ ಕ್ಯಾಪ್ಸುಲೇಟಂ ಎಂಬ ಹೆಸರು ಕೊಟ್ಟ. ಕೆಲವು ವರ್ಷಗಳ ನಂತರ, 1912ರ ಸುಮಾರಿಗೆ, ಬ್ರೆಜಿಲ್ ಮೂಲದ ವಿಜ್ಞಾನಿ ಡ ರೋಚ ಲಿಮ ಈ ಜೀವಿಯನ್ನು ಕುದುರೆಯ ಕ್ರಿಪ್ಟೊಕಾಕಸ್ ಜೊತೆ ಹೋಲಿಸಿದ. ಎರಡೂ ಒಂದೇ ಬಗೆಯವು ಎಂಬುದು ಅವನಿಗೆ ಹೊಳೆಯಿತು. ಡಾರ್ಲಿಂಗ್ ಕಂಡದ್ದು ಪ್ರಾಣಿಯಲ್ಲ, ಶಿಲೀಂಧ್ರ. ಕವಚವೂ ನಿಜವಾದುದಲ್ಲ, ಮಾದರಿಯನ್ನು ಸಿದ್ಧಪಡಿಸುವಾಗ ಕೋಶ ಕುಗ್ಗಿ ಸುತ್ತ ಉಳಿಯುವ ಖಾಲಿ ಜಾಗ. 1934ರಲ್ಲಿ ಡಿಮೋನ್‌ಬ್ರನ್ ಅದನ್ನು ಕೃಷಿಮಾಧ್ಯಮದಲ್ಲಿ ಬೆಳೆಸಿ ಶಿಲೀಂಧ್ರವೆಂದು ಸಾಧಿಸಿದ. ಅದೇ ವರ್ಷ ಇಟಲಿಯ ರೆಡೇಲಿ ಮತ್ತು ಚಿಫೆರಿ ಕುದುರೆಯ ಶಿಲೀಂಧ್ರವನ್ನೂ ಹಿಸ್ಟೊಪ್ಲಾಸ್ಮ ಕುಲಕ್ಕೆ ಸೇರಿಸಿದರು. 1985ರಲ್ಲಿ ಅದನ್ನು ಹಿಸ್ಟೊಪ್ಲಾಸ್ಮ ಕ್ಯಾಪ್ಸುಲೇಟಂನ ಒಂದು ಉಪಬಗೆ ಎಂದು ಪರಿಗಣಿಸಲಾಯಿತು.

ಗೊಂದಲಕ್ಕೆ ಒಂದು ಕಾರಣ ಈ ಶಿಲೀಂಧ್ರದ ದ್ವಿರೂಪ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಬ್ರೆಡ್ಡಿನ ಬೂಷ್ಟಿನಂತೆ ಎಳೆಎಳೆಯಾಗಿ ಬೆಳೆಯುತ್ತದೆ. 37 ಡಿಗ್ರಿಯ ದೇಹದೊಳಗೆ ಯೀಸ್ಟ್‌ನಂತೆ ಬಿಡಿ ಕೋಶಗಳಾಗಿ ಬಾಳುತ್ತದೆ. ಹೀಗಾಗಿ ತಟ್ಟೆಯಲ್ಲಿ ಬೆಳೆದದ್ದನ್ನೂ ಕೀವಿನಲ್ಲಿ ಕಂಡದ್ದನ್ನೂ ಒಂದೇ ಜೀವಿ ಎಂದು ನಂಬುವುದು ಸುಲಭವಿರಲಿಲ್ಲ. 1949ರಲ್ಲಿ ಬುಲ್ಲೆನ್ ಎಂಬ ಸಂಶೋಧಕ ಪ್ರಯೋಗಾಲಯದಲ್ಲೇ ಯೀಸ್ಟ್ ರೂಪವನ್ನು ಬೆಳೆಸಿ ತೋರಿಸಿದ.

ರೋಗ ಹರಡುವ ಬಗೆಯನ್ನು ತಿಳಿಯುವಲ್ಲಿ ಭಾರತದ ಕೊಡುಗೆಯೂ ಇದೆ. 1965ರಲ್ಲಿ ಟಿ. ಸಿಂಗ್ ನಮ್ಮ ದೇಶದಲ್ಲಿ ನಡೆಸಿದ ಪ್ರಯೋಗಗಳು, ಗಾಯದ ಮೇಲೆ ಕೂರುವ ಮನೆನೊಣದ ಕುಲದವೂ ಕಚ್ಚುವ ಸ್ಟೊಮಾಕ್ಸಿಸ್ ನೊಣಗಳೂ ಸೋಂಕನ್ನು ಒಯ್ಯಬಲ್ಲವೆಂದು ತೋರಿಸಿದವು. ಜೀನು ಉಜ್ಜಿ ಆದ ಗಾಯ, ಅದರ ಮೇಲೆ ನೊಣ: ದುಡಿಯುವ ಕುದುರೆಗೇ ಈ ರೋಗ ಏಕೆ ಹೆಚ್ಚು ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಇಥಿಯೋಪಿಯದ ಗಾಡಿಗಳು

ಇಥಿಯೋಪಿಯದ ಪಟ್ಟಣಗಳಲ್ಲಿ ಜನರನ್ನೂ ಸರಕನ್ನೂ ಸಾಗಿಸುವ ಕುದುರೆಗಾಡಿಗೆ ಗಾರಿ ಎನ್ನುತ್ತಾರೆ. ನಮ್ಮ ಗಾಡಿಯನ್ನು ನೆನಪಿಸುವ ಪದ. 2006ರಲ್ಲಿ ಅಮೇನಿ ಎಂಬ ಅಲ್ಲಿಯ ವಿಜ್ಞಾನಿ ಪ್ರಕಟಿಸಿದ ಸಮೀಕ್ಷೆಯಲ್ಲಿ 28 ಪಟ್ಟಣಗಳ 19,082 ಗಾಡಿಕುದುರೆಗಳನ್ನು ಪರೀಕ್ಷಿಸಲಾಗಿತ್ತು. ಶೇಕಡಾ 18.8ರಷ್ಟು, ಅಂದರೆ ಹೆಚ್ಚುಕಡಿಮೆ ಐದಕ್ಕೆ ಒಂದು ಕುದುರೆಗೆ, ಈ ರೋಗವಿತ್ತು. ಕೆಲವು ಪಟ್ಟಣಗಳಲ್ಲಿ ಒಂದೂ ಪ್ರಕರಣವಿರಲಿಲ್ಲ. ಬೆಚ್ಚಗಿನ, ತೇವವಿರುವ ಊರುಗಳಲ್ಲಿ ಪ್ರಮಾಣ ಬಹಳ ಹೆಚ್ಚಿತ್ತು. ಬ್ರಿಟನ್ನಿನ 1904ರ ದಾರಿ ಇಲ್ಲಿ ಸಾಧ್ಯವೇ? ಐದರಲ್ಲಿ ಒಂದು ಕುದುರೆಯನ್ನು ಕೊಲ್ಲಲು ಯಾವ ಊರು ಒಪ್ಪೀತು? ಆದ್ದರಿಂದ ಬೇಗ ಗುರುತಿಸಿ, ಬೇರೆ ಕಟ್ಟಿ, ಚಿಕಿತ್ಸೆ ಕೊಡುವುದೊಂದೇ ಉಳಿದ ದಾರಿ.

ಹಾಗಾದರೆ ಇಂದು ಯಾವ ಪರೀಕ್ಷೆಗಳಿವೆ? 1980ರ ದಶಕದಲ್ಲಿ ಈಜಿಪ್ಟಿನ ವಿಜ್ಞಾನಿಗಳು ಮ್ಯಾಲೀನ್ ಮಾದರಿಯಲ್ಲೇ ಹಿಸ್ಟೊಫಾರ್ಸಿನ್ ಎಂಬ ಚರ್ಮ ಪರೀಕ್ಷೆಯನ್ನು ಪ್ರಯೋಗಿಸಿದರು. ಕೃಷಿಮಾಧ್ಯಮದಲ್ಲಿ ಶಿಲೀಂಧ್ರ ಬೆಳೆಯಲು ವಾರಗಳೇ ಬೇಕು. ಅಷ್ಟರಲ್ಲಿ ಬೇರೆ ಬೂಷ್ಟುಗಳು ತಟ್ಟೆಯನ್ನು ಆವರಿಸುವುದೂ ಉಂಟು. 2016ರಲ್ಲಿ ಶಿಲೀಂಧ್ರದ ಡಿಎನ್ಎಯನ್ನು ನೇರವಾಗಿ ಗುರುತಿಸುವ ಪಿಸಿಆರ್ ವಿಧಾನವೊಂದು ಪ್ರಕಟವಾಯಿತು. ಇದು ನಿಖರ ಮತ್ತು ಶೀಘ್ರ, ಆದರೆ ಇದಕ್ಕೆ ಯಂತ್ರ, ವಿದ್ಯುತ್ತು, ಶೈತ್ಯಾಗಾರ ಎಲ್ಲವೂ ಬೇಕು. ಕುದುರೆ ಗಾಡಿ ಎಳೆಯುವ ಊರಿನಲ್ಲಿ ಇವು ಇರುವುದು ಅಪರೂಪ.

ಆದ್ದರಿಂದ ಅಲ್ಲಿಯ ಪಶುವೈದ್ಯ ಈಗಲೂ ನೆಚ್ಚುವುದು ರಿವೋಲ್ಟನ ವಿಧಾನವನ್ನೇ. ಒಡೆಯದ ಗಂಟನ್ನು ಸ್ವಚ್ಛಗೊಳಿಸಿ, ಸೂಜಿಯಿಂದ ಕೀವು ತೆಗೆದು, ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ನೋಡುವುದು. 2ರಿಂದ 5 ಮೈಕ್ರೋಮೀಟರ್ ಗಾತ್ರದ, ಸುತ್ತ ಬಿಳಿಯ ವಲಯವಿರುವ ಕಣಗಳು ಕಂಡರೆ ಉತ್ತರ ಸಿಕ್ಕಿತು. ಕಾಣದಿದ್ದರೆ ರೋಗವಿಲ್ಲ ಎಂದು ಅರ್ಥವಲ್ಲ. ಇನ್ನೊಂದು ಗಂಟನ್ನು ಪರೀಕ್ಷಿಸಬೇಕು. ಕಣಗಳು ಕಂಡರೂ ಗ್ಲ್ಯಾಂಡರ್ಸ್ ಜೊತೆಗಿಲ್ಲ ಎಂದು ಹೇಳಲಾಗದು. ಅದಕ್ಕೆ ಬೇರೆ ಪರೀಕ್ಷೆ ಬೇಕೇ ಬೇಕು. ಭಾರತದಲ್ಲಿ 2006ರಲ್ಲಿ ಗ್ಲ್ಯಾಂಡರ್ಸ್ ಮತ್ತೆ ತಲೆಯೆತ್ತಿದ್ದನ್ನು ನೆನೆದರೆ ಈ ಎಚ್ಚರಿಕೆ ಹಳೆಯದಾಗಿಲ್ಲ ಎಂದು ತಿಳಿಯುತ್ತದೆ. 1899ರ ಕಾಯಿದೆಯ ಸ್ಥಾನಕ್ಕೆ 2009ರಲ್ಲಿ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಸಮಗ್ರ ಕಾಯಿದೆ ಬಂದಿದೆ. ಆದರೆ ಕಾಯಿದೆ ಯಾವುದೇ ಇರಲಿ, ಅದು ಆರಂಭವಾಗುವುದು ಸರಿಯಾದ ಪತ್ತೆಯಿಂದ.

ಶಾಲೆಯಲ್ಲಿ ಯೀಸ್ಟ್ ತೋರಿಸುವಾಗ ಶಿಕ್ಷಕರು ಈ ಸಂಗತಿಯನ್ನೂ ಹೇಳಬಹುದು. ಆ ಮಸೂರದಡಿಯಲ್ಲಿ ಕಾಣುವಂತಹ ಚಿಕ್ಕ ದುಂಡು ಕಣವನ್ನು ಸರಿಯಾಗಿ ಗುರುತಿಸುವ ಕಣ್ಣು ಒಂದು ಕುದುರೆಯನ್ನು ಉಳಿಸಬಲ್ಲದು, ಅದನ್ನು ನಂಬಿದ ಮನೆಯನ್ನೂ ಉಳಿಸಬಲ್ಲದು.